ಅಳತೆಗೆ ಹಳೇ ಜರ್ಸಿ

ಪಂದ್ಯ ನೋಡಿದವಳಲ್ಲ ನಾನು.
ಭಾನುವಾರ ಹೈಸ್ಕೂಲ್ ಮೈದಾನದ ಕೂಗು
ದಾವಣಗೆರೆಯ ಅರ್ಧ ಪೇಟೆ ದಾಟಿ ನನ್ನ ಅಂಗಡಿಗೆ ಬರುವ ಹೊತ್ತಿಗೆ
ಗೋಲಾಯಿತೋ ಜಗಳವಾಯಿತೋ ತಿಳಿಯುವುದಿಲ್ಲ.
ಮೇ ತಿಂಗಳ ಕೊನೆಗೆ ಮಾತ್ರ
ನಾಲ್ಕೂ ತಂಡದ ಗಂಟು ನನ್ನ ಕಟ್ಟೆಗೇ ಬಂದು ಬೀಳುತ್ತದೆ:
ಹಳೇ ಜರ್ಸಿ, ಹಳೇ ಚಡ್ಡಿ, ಒಗೆದದ್ದು, ಒಗೆಯದ್ದು.
"ಇದೇ ಅಳತೆ ಅಕ್ಕಾ, ಕಾಲರ್ ಮಾತ್ರ ಬೇಡ."

ಇದೇ ಅಳತೆಯಂತೆ!
ಗಿರಣಿ ಚಾಳಿನ ರುದ್ರಮುನಿಯ ಚಡ್ಡಿಯ ಇಲಾಸ್ಟಿಕ್
ಪ್ರಾಣ ಬಿಟ್ಟು ಎಷ್ಟು ಕಾಲವಾಯಿತೋ.
ನನ್ನ ಪುಸ್ತಕದ ಹೋದ ವರ್ಷದ ಪುಟಕ್ಕಿಂತ ಮೂರಿಂಚು ಜಾಸ್ತಿ ಸೊಂಟ;
ಅವನಿಗೆ ಗೊತ್ತು, ನನಗೆ ಗೊತ್ತು,
ಎದುರಾಳಿಗೆ ಜೂನ್ ಎರಡನೇ ವಾರ ಗೊತ್ತಾಗುತ್ತದೆ.
ಆದರೂ ಚಾಳಿನವರನ್ನು ಹಗುರ ಮಾಡಬೇಡಿ.
ಇಡೀ ಗಂಟಿನಲ್ಲಿ ಹರಿದ ಅಂಗಿ ಒಂದಿಲ್ಲ.
ಓಡುವವನ ಅಂಗಿ ಹಿಡಿದು ಎಳೆಯುತ್ತಾರೆ,
ಚೆಂಡು ಬೀಳುವಲ್ಲಿ ಮೊದಲೇ ನಿಂತವನದನ್ನು ಯಾರು ಹಿಡಿದಾರು?
ಮುಚ್ಚಿದ ಗಿರಣಿಯ ಗೋಡೆಗೆ ಹೊಡೆದು ಹೊಡೆದು ಕಲಿತವರು,
ಎಲ್ಲಿಗೆ ಪುಟಿಯುತ್ತದೆಂದು ನಿದ್ದೆಗಣ್ಣಲ್ಲೂ ಹೇಳಿಯಾರು.

ಮಂಡಕ್ಕಿ ಭಟ್ಟಿಯ ಹುಡುಗರ ಬಟ್ಟೆಗೆ
ಎಷ್ಟು ಒಗೆದರೂ ಹೊಟ್ಟಿನ ಹೊಗೆ ವಾಸನೆ.
ತೊಡೆ ಕಬ್ಬಿಣ, ಬಿಸಿಲೆಂದರೆ ಅವರಿಗೆ ನೆರಳಿದ್ದಂತೆ,
ಮಧ್ಯಾಹ್ನ ಎರಡಕ್ಕೆ ಪಂದ್ಯ ಇಟ್ಟರೆ ಯಾರನ್ನಾದರೂ ಹುರಿದಾರು.
ಆದರೆ ಚಮನ್‌ಸಾಬರ ಕಿರಿಮಗನ ಎದೆಗೆ ಟೇಪು ಸುತ್ತಿ
"ಉಸಿರು ಎಳಕೋ" ಅಂದೆ:
ಮೂವತ್ನಾಲ್ಕು.
"ಎಳಕೊಂಡೆ ಅಕ್ಕಾ" ಅಂದ.
ಮೂವತ್ನಾಲ್ಕೇ.
ಮೊದಲರ್ಧ ಅವರದು, ಬರೆದಿಟ್ಟುಕೊಳ್ಳಿ.
ಎರಡನೆಯದರ ಮಾತು ನನ್ನಿಂದ ಹೇಳಿಸಬೇಡಿ.

ಡೆಂಟಲ್ ಕಾಲೇಜಿನವರು
ಹಳೇದನ್ನೂ ಇಸ್ತ್ರಿ ಮಾಡಿ ಕವರಿನಲ್ಲಿಟ್ಟು ಕಳಿಸುತ್ತಾರೆ.
ಹನ್ನೊಂದರಲ್ಲಿ ಹತ್ತು, ಅಂಗಡಿಯಿಂದ ಈಗಷ್ಟೇ ತಂದ ಹಾಗೆ;
ಒಂಬತ್ತನೇ ನಂಬರು ಮಾತ್ರ ಬೆನ್ನಲ್ಲಿ ಮೂರು ಕಡೆ ಹರಿದು,
ಕಂಕುಳು ಬಿಟ್ಟು, ಎಳೆಸಿಕೊಂಡು ನಾಲ್ಕು ಬೆರಳು ಉದ್ದವಾಗಿದೆ.
ಮಿಜೋರಾಂ ಕಡೆಯ ಹುಡುಗ,
ಹೆಸರು ನನ್ನ ನಾಲಿಗೆಗೆ ನಿಲ್ಲದೆಂದು ಚೀಟಿಯಲ್ಲಿ ಬರೆದುಕೊಟ್ಟಿದ್ದಾನೆ.
ಅವನೇ ತಂಡ. ಆಗಸ್ಟಿಗೆ ಅವನ ಪರೀಕ್ಷೆ.
ಉಳಿದವರು ಫೋಟೋಕ್ಕೆ.

ನಿನ್ನೆ ದಾದಾಪೀರ್ ಬಂದಿದ್ದ, ಭಟ್ಟಿಯವರ ಮ್ಯಾನೇಜರು,
ಪೊಟ್ಟಣದಲ್ಲಿ ಮೂರು ಬಿಸಿ ಮಿರ್ಚಿ ಹಿಡಿದು.
ನೂಲಿನ ರೇಟು ಮಾತಾಡಿದ, ಮಳೆ ಮಾತಾಡಿದ,
ಆಮೇಲೆ ಮೆತ್ತಗೆ: "ಗೇಟಿನವರ ಗಂಟು ಬಂತೇನಕ್ಕಾ? ಹೆಂಗೈತೆ?"
"ಬಟ್ಟೆ ಗಟ್ಟಿ ಐತೆ. ಬಣ್ಣ ಬಿಡಲ್ಲ" ಅಂದೆ.
ತಂದ ಮೂರರಲ್ಲಿ ಎರಡನ್ನು ತಾನೇ ತಿಂದು ಎದ್ದು ಹೋದ.

ಗಂಟು ಮಿಷನ್ನಿನ ಕೆಳಗೇ ಇತ್ತು, ನನ್ನ ಪಾದದ ಹತ್ತಿರ.
ರೈಲ್ವೆ ಗೇಟಿನ ಹಿಂದಿನ ಕೇರಿಯವರು.
ಗೋಲ್‌ಕೀಪರ್ ಓಬಳೇಶನ ಬಲಮೊಣಕೈಗೆ
ನಾನೇ ಮೂರು ಸಲ ತೇಪೆ ಹಾಕಿದ್ದೇನೆ,
ಬಲಪಕ್ಕೆ ಸವೆದು ಜರಡಿ.
ಎಡತೋಳು ನೋಡಿದರೆ
ಎಳೆ ಎಳೆಯೂ ಹೊಸದು, ಮಣ್ಣಿನ ಗೆರೆಯಿಲ್ಲ.
ಎರಡು ವರ್ಷ, ಒಂದು ಸಲವೂ ಎಡಕ್ಕೆ ಬಿದ್ದಿಲ್ಲ ಹುಡುಗ.

ಉಳಿದ ಮೂವರಿಗೆ ಈ ಒಂದು ಮಾತು ಸಾಕು.
ಕಪ್ ಯಾರ ಮನೆ ಟೀವಿಯ ಮೇಲೆ ಕೂರಬೇಕೆಂಬುದು
ಕಚ್ಚಿ ಹಿಡಿದ ಗುಂಡುಸೂಜಿಯ ಹಾಗೆ
ನಿನ್ನೆಯಿಡೀ ನನ್ನ ತುಟಿಯ ನಡುವೆ ಇತ್ತು.

ರಾತ್ರಿ ಕರೆಂಟು ಹೋಗಿ ಬಂದ ಮೇಲೆ
ಅವನ ಹಸಿರು ಬಟ್ಟೆ ಕತ್ತರಿಸಿದೆ.
ಎಡಮೊಣಕೈ ಒಳಗೆ, ಹೊರಗೆ ಕಾಣದ ಹಾಗೆ,
ಎರಡು ಪದರ ಹತ್ತಿ ಇಟ್ಟು ಒತ್ತಾಗಿ ಹೊಲಿದೆ,
ಪಕ್ಕೆಗೂ ಒಂದಿಷ್ಟು.
ಭಯ ಇರುವುದು ಮೂಳೆಯಲ್ಲೋ ತಲೆಯಲ್ಲೋ
ಟೇಪಿಗೆ ಗೊತ್ತಾಗುವುದಿಲ್ಲ.
ಹಾಕಿಕೊಂಡಾಗ ಎಡಗೈ ಚೂರು ಭಾರ ಅನ್ನಿಸೀತು,
ಕೇಳಿದರೆ "ಹೊಸ ಬಟ್ಟೆ, ಹಂಗೇ" ಅಂದರಾಯಿತು.

ಮೋಸವೇ? ಇರಬಹುದು.
ಹಾಗಾದರೆ ಭಟ್ಟಿಯವರ ಕೊರಳು ಒಂದು ಬೆರಳು ಅಗಲ ಬಿಟ್ಟದ್ದನ್ನೂ
ರುದ್ರಮುನಿಗೆ, ಅವನು ಕೇಳದಿದ್ದರೂ, ಸೊಂಟ ನಾಲ್ಕಿಂಚು ಬಿಟ್ಟದ್ದನ್ನೂ
ಲೆಕ್ಕಕ್ಕೆ ಸೇರಿಸಿಕೊಳ್ಳಿ.
ಒಂಬತ್ತನೇ ನಂಬರಿಗೆ ಜೋಡಿ ಹೊಲಿಗೆ.

ಜೂನ್ ಎಂಟಕ್ಕೆ ಡೆಲಿವರಿ.
ಮೂರು ತಂಡದ ಅಡ್ವಾನ್ಸ್ ಬಂದಿದೆ.
ಗೇಟಿನವರದು ಬಾಕಿ.